ತಪ್ಪೊಪ್ಪಿಕೊಂಡ ಕೈದಿಯ ಮೇಲ್ಮನವಿ: ಕ್ಯಾಲಿಫೋರ್ನಿಯಾದ ಒಂದು ನ್ಯಾಯಪ್ರಶ್ನೆ

ದರೋಡೆಗೆಂದು ಇಬ್ಬರು ಹೋಗುತ್ತಾರೆ. ಒಬ್ಬ ಅಂಗಡಿಯೊಳಗೆ, ಇನ್ನೊಬ್ಬ ಹೊರಗೆ ಕಾರಿನಲ್ಲಿ. ಒಳಗಿದ್ದವನು ಅಂಗಡಿಯಾತನನ್ನು ಗುಂಡಿಟ್ಟು ಕೊಂದರೆ ಕಾರಿನಲ್ಲಿದ್ದವನೂ ಕೊಲೆಗಾರನೇ. ಅಮೆರಿಕಾದ ಕ್ಯಾಲಿಫೋರ್ನಿಯಾ ರಾಜ್ಯದ ಕಾನೂನು ಬಹುಕಾಲ ಹೀಗೆಯೇ ಇತ್ತು. 2019ರ ಜನವರಿ 1ರಂದು ಜಾರಿಗೆ ಬಂದ 1437ನೇ ಸೆನೆಟ್ ಮಸೂದೆ ಇದನ್ನು ಬದಲಿಸಿತು. ಈಗ ಅಂಥವನು ಕೊಲ್ಲುವ ಉದ್ದೇಶದಿಂದಲೇ ನೆರವಾಗಿರಬೇಕು, ಇಲ್ಲವೇ ದರೋಡೆಯಲ್ಲಿ ಪ್ರಮುಖ ಪಾತ್ರ ವಹಿಸಿ ಮನುಷ್ಯಜೀವದ ಬಗ್ಗೆ ತೀರಾ ಅಸಡ್ಡೆ ತೋರಿರಬೇಕು. ಹಿಂದೆ ಶಿಕ್ಷೆಯಾದವರು ಮರುಶಿಕ್ಷೆ ಕೋರಿ ಅರ್ಜಿ ಹಾಕಲೂ ಅವಕಾಶವಾಯಿತು.

ತಪ್ಪೊಪ್ಪಿಕೊಂಡವರ ಗತಿಯೇನು? ಪ್ರಥಮ ದರ್ಜೆಯ ಕೊಲೆಗೆ ಅಲ್ಲಿ ಸಾಮಾನ್ಯವಾಗಿ 25 ವರ್ಷದಿಂದ ಜೀವಾವಧಿ. ಉದ್ದೇಶಿತ ನರಹತ್ಯೆಗಾದರೆ 3, 6 ಅಥವಾ 11 ವರ್ಷ. ಇಷ್ಟು ಅಂತರವಿರುವಾಗ ವಿಚಾರಣೆಯ ಅಪಾಯಕ್ಕೆ ಅಂಜಿ ಒಪ್ಪಂದಕ್ಕೆ ಸಹಿ ಹಾಕಿದವರು ಇದ್ದೇ ಇರುತ್ತಾರೆ. ಕೊಲೆ ಆರೋಪ ತಪ್ಪಿಸಿಕೊಳ್ಳಲು ನರಹತ್ಯೆ ಒಪ್ಪಿಕೊಂಡವರಿಗೂ, ಕೊಲೆಯತ್ನದ ಅಪರಾಧಿಗಳಿಗೂ ಅರ್ಜಿಯ ಹಕ್ಕಿದೆ ಎಂದು ಸ್ಪಷ್ಟವಾದದ್ದು 2022ರ ಜನವರಿಯಿಂದ, 775ನೇ ಮಸೂದೆಯ ಮೂಲಕ.

ಕೆಳ ನ್ಯಾಯಾಲಯ ಅರ್ಜಿ ತಳ್ಳಿಹಾಕಿದರೆ 60 ದಿನಗಳೊಳಗೆ ಮೇಲ್ಮನವಿಯ ನೋಟಿಸು ಸಲ್ಲಿಸಬೇಕು. ಇದು ತಪ್ಪೊಪ್ಪಿಗೆಯನ್ನು ಹಿಂದೆಗೆಯುವ ಮೇಲ್ಮನವಿಯಲ್ಲ. ಅರ್ಜಿಯನ್ನು ಮೊದಲ ಹಂತದಲ್ಲೇ ತಳ್ಳಿದ್ದರೆ, ಹಾಗೆ ತಳ್ಳಿದ್ದು ಸರಿಯೇ ಎಂಬುದಷ್ಟೇ ಪ್ರಶ್ನೆ. ಗೆದ್ದರೂ ಬಿಡುಗಡೆಯಿಲ್ಲ, ಪ್ರಕರಣ ಕೆಳಗೆ ಹಿಂದಿರುಗಿ, ಸಾಮಾನ್ಯವಾಗಿ ಸಾಕ್ಷ್ಯವಿಚಾರಣೆ ನಡೆಯುತ್ತದೆ.

ತೊಡಕು ಇರುವುದು ದಾಖಲೆಯಲ್ಲಿ. ಜ್ಯೂರಿ ಎದುರು ವಿಚಾರಣೆ ನಡೆದಿದ್ದರೆ ತೀರ್ಪು ಇರುತ್ತದೆ. ಒಪ್ಪಂದವಾದಲ್ಲಿ ಹೆಚ್ಚಾಗಿ ಉಳಿಯುವುದು ಪ್ರಾಥಮಿಕ ವಿಚಾರಣೆಯ ನಡಾವಳಿ ಮಾತ್ರ. ಅಲ್ಲಿ ಪೊಲೀಸ್ ಅಧಿಕಾರಿ ಇತರರಿಂದ ಕೇಳಿದ್ದನ್ನು ಹೇಳಿದರೂ ನಡೆಯುತ್ತದೆ. 2021ರ ಲೂಯಿಸ್ ತೀರ್ಪಿನಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟು ಅರ್ಜಿದಾರನಿಗೆ ವಕೀಲರನ್ನು ಕೊಡಬೇಕು, ಮೊದಲ ಹಂತದಲ್ಲಿ ಸಾಕ್ಷ್ಯ ತೂಗಬಾರದು ಎಂದಿತು. ಆದರೆ 2025ರ ಮಾರ್ಚಿನಲ್ಲಿ ಪ್ಯಾಟನ್ ಪ್ರಕರಣದಲ್ಲಿ, ಆ ನಡಾವಳಿ ಅರ್ಜಿದಾರನೇ ಕೃತ್ಯವೆಸಗಿದನೆಂದು ತೋರಿಸುವಾಗ ಅಚ್ಚಾದ ನಮೂನೆಯಲ್ಲಿ ಗುರುತು ಹಾಕಿದರೆ ಸಾಲದು, ಸಂಗತಿಗಳನ್ನು ಬರೆಯಬೇಕು ಎಂದಿತು. ವಿಚಿತ್ರವೆಂದರೆ, ಮುಂದಿನ ಸಾಕ್ಷ್ಯವಿಚಾರಣೆಯಲ್ಲಿ ಆ 'ಕೇಳಿದ ಮಾತು' ಸಾಮಾನ್ಯವಾಗಿ ನಡೆಯುವುದಿಲ್ಲ. ಒಳಗೆ ಬೆಲೆಯಿಲ್ಲದ ಮಾತು ಬಾಗಿಲು ಮುಚ್ಚಲು ಸಾಕಾಗುತ್ತದೆ. ಇದು ನಮಗೆ ಸರಿಕಾಣುವುದಿಲ್ಲ. ಸತ್ತವರ ಮನೆಯವರನ್ನು ಹುರುಳಿಲ್ಲದ ಅರ್ಜಿಗಾಗಿ ಮತ್ತೆ ಮತ್ತೆ ನ್ಯಾಯಾಲಯಕ್ಕೆ ಎಳೆಯಬಾರದೆಂಬ ಮಾತನ್ನು ನಾವು ಒಪ್ಪುತ್ತೇವೆ. ಆದರೆ ವರ್ಷಗಟ್ಟಲೆ ಸೆರೆಯಲ್ಲಿರುವವನು ಹಳೆಯ ಸಂಗತಿಗಳನ್ನು ಬರೆಯಬೇಕಾದರೆ ವಕೀಲರು ಆತನ ಬಳಿ ಕುಳಿತು ಕೇಳಬೇಕಲ್ಲವೇ? ಆ ಪ್ರಕರಣದಲ್ಲಿ ನ್ಯಾಯಾಲಯವೇ ಅರ್ಜಿ ತಿದ್ದಲು ಮತ್ತೊಂದು ಅವಕಾಶ ಕೊಡಿಸಿತು.

ಮೇಲ್ಮನವಿಯ ವಕೀಲರಿಗೆ ವಾದಿಸಲು ಏನೂ ಸಿಗದಿದ್ದರೆ? 2022ರ ಡೆಲ್ಗಾಡಿಲ್ಲೊ ತೀರ್ಪಿನಂತೆ ಕೈದಿಗೆ ತಿಳಿಸಿ 30 ದಿನ ಕೊಡಬೇಕು. ಆತ ತಾನೇ ಪತ್ರ ಬರೆದರೆ ಅದರಲ್ಲಿರುವ ವಾದಗಳನ್ನು ನ್ಯಾಯಾಲಯ ಪರಿಶೀಲಿಸಲೇಬೇಕು. ಬರೆಯದಿದ್ದರೆ ಮೇಲ್ಮನವಿಯನ್ನು ವಜಾ ಮಾಡಬಹುದು. ಸೆರೆಮನೆಗಳಿಗೆ ಭೇಟಿ ನೀಡುವ ಧರ್ಮಭಗಿನಿಯರೂ ಸ್ವಯಂಸೇವಕರೂ ಕಾನೂನು ಸಲಹೆ ಕೊಡಲಾರರು. ಆದರೆ ಆ ನೋಟಿಸು ಬಂದಿದೆಯೇ, ಎಷ್ಟು ದಿನ ಉಳಿದಿದೆ ಎಂದು ಕೇಳಬಹುದು.