ಗಾಡಿಯ ಕೀಲಿ ಯಾರ ಕೈಗೆ?

ನಾವು ಚಿಕ್ಕವರಿದ್ದಾಗ ಮೋಟರ್‌ಸೈಕಲ್ಲಿಗೆ ನಮ್ಮ ಭಾಗದ ಹಿರಿಯರು ‘ಫಟಫಟಿ’ ಎನ್ನುತ್ತಿದ್ದರು. ಓಣಿಗೆ ಒಂದು ಫಟಫಟಿ ಬಂದರೆ ಮಕ್ಕಳೆಲ್ಲ ಅದರ ಹಿಂದೆ ಓಡುತ್ತಿದ್ದೆವು. ಇಂದು ನಮ್ಮ ಇಚಲಕರಂಜಿಯಲ್ಲಿ ಗಾಡಿ ಇಲ್ಲದ ಮನೆಯನ್ನೇ ಹುಡುಕಬೇಕಾಗಿದೆ. ಇದನ್ನು ನಾವು ಆಕ್ಷೇಪಿಸುವುದಿಲ್ಲ. ರಾತ್ರಿ ಪಾಳಿ ಮುಗಿಸಿ ಮನೆಗೆ ಬರುವ ಮಗ್ಗದ ಕೆಲಸಗಾರನಿಗೆ ಅದು ಹೊಟ್ಟೆಪಾಡಿನ ಸಾಧನ. ಆದರೆ ಆ ಗಾಡಿಯ ಕೀಲಿ ಮನೆಯ ಮೊಳೆಯಿಂದ ಇಳಿದು ಒಂಬತ್ತನೆಯ, ಹತ್ತನೆಯ ತರಗತಿಯ ಹುಡುಗನ ಜೇಬಿಗೆ ಹೇಗೆ ಬರುತ್ತದೆ ಎಂಬುದರ ಬಗ್ಗೆ ನಾಲ್ಕು ಮಾತು ಬರೆಯಬೇಕಾಗಿದೆ. ಅದರಲ್ಲಿ ನಮ್ಮ ಪಾಲೂ ಇದೆ.

2023ರ ಡಿಸೆಂಬರಿನ ಮಾತು. ಸ್ನೇಹಸಮ್ಮೇಳನಕ್ಕೆ ಎರಡೇ ದಿನ ಉಳಿದಿತ್ತು. ಬಹುಮಾನದ ಢಾಲುಗಳು ಪೇಟೆಯ ಅಂಗಡಿಯಲ್ಲಿ ಸಿದ್ಧವಾಗಿದ್ದವು, ತರುವವರು ಬೇಕಾಗಿತ್ತು. ಹತ್ತನೆಯ ತರಗತಿಯ ಒಬ್ಬ ಹುಡುಗ, ಬಲು ಚುರುಕಿನವನು, ತಂದೆಯ ಗಾಡಿಯಲ್ಲಿ ಶಾಲೆಗೆ ಬಂದಿದ್ದ. “ಹೋಗಿ ಬೇಗ ತಗೊಂಡು ಬಾ” ಎಂದೆವು. ಹೇಳಿದವರು ಯಾರು ಎಂಬುದು ಮುಖ್ಯವಲ್ಲ. ಶಿಕ್ಷಕರ ಕೋಣೆಯಲ್ಲಿ ಆಗ ನಾವು ಐದು ಜನ ಇದ್ದೆವು; ಬೇಡ ಎಂದವರು ಒಬ್ಬರೂ ಇಲ್ಲ. ಅವನ ತಲೆಯ ಮೇಲೆ ಹೆಲ್ಮೆಟ್ಟು ಇದೆಯೇ ಎಂದು ನೋಡಿದವರೂ ಇಲ್ಲ. ಇನ್ನೊಬ್ಬ ಹುಡುಗ ಚೀಲ ಹಿಡಿಯಲೆಂದು ಹಿಂದೆ ಕುಳಿತ.

ನಮ್ಮ ಊರಿನ ಬೀದಿಗಳನ್ನು ಬಲ್ಲವರಿಗೆ ಮುಂದಿನದನ್ನು ಬಿಡಿಸಿ ಹೇಳಬೇಕಾಗಿಲ್ಲ. 1904ರಲ್ಲಿ ಇಲ್ಲಿ ಮೊದಲ ಪವರ್‌ಲೂಮ್ ಬಂದಾಗ ಈ ಓಣಿಗಳಲ್ಲಿ ಎತ್ತಿನ ಗಾಡಿಗಳು ಓಡಾಡುತ್ತಿದ್ದವು. 2022ರಲ್ಲಿ ಊರು ಮಹಾನಗರಪಾಲಿಕೆಯಾಯಿತು; ಓಣಿಗಳೇನೂ ಅಗಲವಾಗಲಿಲ್ಲ. ಸೈಜಿಂಗಿನಿಂದ ಮಗ್ಗದ ಶೆಡ್ಡಿಗೆ ನೂಲಿನ ಬೀಮು ಹೊತ್ತ ಟೆಂಪೋಗಳು ದಿನವಿಡೀ ಇವೇ ಓಣಿಗಳಲ್ಲಿ ಓಡಾಡುತ್ತವೆ. ಅಂಥ ಒಂದು ಟೆಂಪೋ ಚೌಕದಲ್ಲಿ ನಿಧಾನ ಮಾಡಿತು. ನಮ್ಮ ಹುಡುಗ ಅದರ ಎಡಗಡೆ ಇದ್ದ ಸ್ವಲ್ಪ ಜಾಗದಲ್ಲಿ ಗಾಡಿ ನುಗ್ಗಿಸಿದ. ಟೆಂಪೋ ಎಡಕ್ಕೇ ಹೊರಳಿತು. ಹೊರಚಾಚಿದ ಬೀಮಿನ ಕಬ್ಬಿಣದ ತುದಿ ಹುಡುಗನಿಗೆ ಬಡಿಯಿತು. ಹಿಂದಿನವನ ಮುಂಗೈ ಮುರಿಯಿತು. ಮುಂದಿನವನು ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದ, ತಲೆಗೆ ಪೆಟ್ಟಾಗಿತ್ತು. ಮಾರ್ಚಿನ ಪರೀಕ್ಷೆಗೆ ಅವನು ಕೂಡಲಿಲ್ಲ.

ಆಸ್ಪತ್ರೆಗೆ ಹೋದಾಗ ಅವನ ತಂದೆ ನಮ್ಮನ್ನು ಬೈಯಬಹುದೆಂದು ಅಂದುಕೊಂಡಿದ್ದೆವು. ಆತ ನಮಗೆ ಕೂಡಲು ಸ್ಟೂಲು ಕೊಟ್ಟು, “ಪೋಲೀಸರು ಬಂದಿದ್ರು ಸರ. ಗಾಡಿ ಕೊಟ್ಟು ಕಳಿಸಿದವರು ಯಾರು ಅಂತ ಕೇಳಿದ್ರು. ನಾನ ಕಳಿಸಿದ್ದೆ ಅಂದೀನ್ರಿ” ಎಂದರು.

ಆ ಮಾತಿನ ಭಾರ ನಮಗೆ ತಿಳಿದದ್ದು ಕಾಯಿದೆಯನ್ನು ಓದಿದ ಮೇಲೆ. 1988ರ ಮೋಟಾರು ವಾಹನ ಕಾಯಿದೆಗೆ 2019ರಲ್ಲಿ 199ಎ ಎಂಬ ಕಲಮನ್ನು ಸೇರಿಸಿದ್ದಾರೆ. ವಯಸ್ಸಿಗೆ ಬಾರದವನು ಗಾಡಿ ನಡೆಸಿ ಅಪರಾಧ ಮಾಡಿದರೆ ಪಾಲಕ ಅಥವಾ ಗಾಡಿಯ ಮಾಲೀಕನೇ ತಪ್ಪಿತಸ್ಥ. ಮೂರು ವರ್ಷದವರೆಗೆ ಸೆರೆಮನೆ, 25,000 ರೂಪಾಯಿ ದಂಡ. ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸು ಇಲ್ಲ. ಇಷ್ಟಕ್ಕೇ ಮುಗಿಯಲಿಲ್ಲ. ಲೈಸೆನ್ಸಿಲ್ಲದವನ ಕೈಯಲ್ಲಿ ಗಾಡಿ ಯಾರಿಗಾದರೂ ಬಡಿದರೆ, ವಿಮಾ ಕಂಪನಿ ಪರಿಹಾರ ಕೊಟ್ಟರೂ ಆ ಹಣವನ್ನು ಮಾಲೀಕನಿಂದ ವಸೂಲು ಮಾಡಬಹುದು. ನಾಲ್ಕು ಮಗ್ಗದ ಯಜಮಾನ ಆ ನಾಲ್ಕನ್ನೂ ಮಾರಬೇಕಾದೀತು. ಢಾಲು ಬೇಕಾಗಿದ್ದುದು ನಮಗೆ. ಇದನ್ನೆಲ್ಲ ಮೈಮೇಲೆ ಎಳೆದುಕೊಂಡವರು ಆ ತಂದೆ.

“ಹದಿನಾರಕ್ಕೆ ಲೈಸೆನ್ಸು ಸಿಗುತ್ತದಲ್ಲ?” ಎಂದು ಪಾಲಕರ ಸಭೆಯಲ್ಲಿ ಪ್ರತಿ ವರ್ಷವೂ ಯಾರಾದರೊಬ್ಬರು ಕೇಳುತ್ತಾರೆ. ಸಿಗುತ್ತದೆ, ಐವತ್ತು ಸಿಸಿ ಮೀರದ ಎಂಜಿನ್ನಿನ ಗಾಡಿಗೆ ಮಾತ್ರ. 1972ರಲ್ಲಿ ಬಂದ ಲೂನಾದಂಥ ಗಾಡಿಗಳ ಕಾಲಕ್ಕೆ ಆ ಮಾತಿಗೆ ಅರ್ಥವಿತ್ತು. ಈಗ ಮನೆಮನೆಯಲ್ಲಿರುವ ಬೈಕು, ಸ್ಕೂಟಿಗಳು ನೂರು ಸಿಸಿಯ ಆಚೀಚೆಯವು. ಅವುಗಳಿಗೆ ಹದಿನೆಂಟು ತುಂಬಲೇಬೇಕು. ಎಂದಮೇಲೆ ಪ್ರೌಢಶಾಲೆಯ ಹುಡುಗ ಹುಡುಗಿಯರು ಈ ಗಾಡಿಗಳನ್ನು ನಡೆಸುವುದು ಕಾಯಿದೆಗೆ ವಿರುದ್ಧವೇ ಸರಿ.

ಕಾಯಿದೆಯನ್ನು ಬದಿಗಿಟ್ಟು ಲೆಕ್ಕವನ್ನಾದರೂ ನೋಡೋಣ. ಕನ್ನಡ ಕಲಿಸುವ ನಮಗೆ ಇದನ್ನು ಹೇಳಿಕೊಟ್ಟವರು ವಿಜ್ಞಾನದ ಶಿಕ್ಷಕರು. ತಾಸಿಗೆ 40 ಕಿಲೋಮೀಟರ್ ಎಂದರೆ ಒಂದು ಸೆಕೆಂಡಿಗೆ ಸುಮಾರು 11 ಮೀಟರ್. ಅಪಾಯ ಕಣ್ಣಿಗೆ ಬಿದ್ದು ಕೈ ಬ್ರೇಕು ಹಿಡಿಯುವಷ್ಟರಲ್ಲಿ ಒಂದು ಸೆಕೆಂಡು ಹೋಗುತ್ತದೆ; ಆಮೇಲೆ ಒಣ ರಸ್ತೆಯಲ್ಲೂ ಗಾಡಿ ನಿಲ್ಲಲು ಇನ್ನು ಹತ್ತು ಮೀಟರ್ ಬೇಕು. ವೇಗ 60 ಆದರೆ ಇಪ್ಪತ್ತೊಂದು ಮೀಟರಿನ ಈ ದೂರ ನಲವತ್ತರ ಹತ್ತಿರ ಬರುತ್ತದೆ. ಅಷ್ಟು ಬರಿದಾದ ಜಾಗ ನಮ್ಮ ಪೇಟೆಯಲ್ಲಿ ಎಲ್ಲಿದೆ? ಇನ್ನು ಎಡಗಡೆಯಿಂದ ಮುಂದೆ ನುಗ್ಗುವ ಚಟ. ದೊಡ್ಡ ಗಾಡಿಯ ಚಾಲಕನಿಗೆ ತನ್ನ ಎಡಮಗ್ಗುಲಿಗೆ ಅಂಟಿಕೊಂಡ ಬೈಕು ಕನ್ನಡಿಯಲ್ಲಿ ಕಾಣುವುದೇ ಇಲ್ಲ. ಮುಂದಿನ ಗಾಡಿಯನ್ನು ಬಲಗಡೆಯಿಂದಲೇ ದಾಟಬೇಕೆಂಬ ನಿಯಮ ಹುಟ್ಟಿದ್ದು ಸುಮ್ಮನೆ ಅಲ್ಲ.

ಕೇಂದ್ರ ರಸ್ತೆ ಸಾರಿಗೆ ಮಂತ್ರಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ಸುಮಾರು 75,000 ಜನ ದ್ವಿಚಕ್ರ ವಾಹನದವರು. ಹೆಲ್ಮೆಟ್ಟಿಲ್ಲದೆ ಸತ್ತವರು 50,029. ಇವರಲ್ಲಿ ಹಿಂದೆ ಕುಳಿತವರೇ ಹದಿನಾಲ್ಕು ಸಾವಿರಕ್ಕೂ ಹೆಚ್ಚು. ಮುಂದಿನವನ ಹಾಗೆ ಹಿಂದಿನವನಿಗೂ ಹೆಲ್ಮೆಟ್ಟು ಬೇಕೆಂದು ಕಾಯಿದೆಯ 129ನೆಯ ಕಲಮು ಹೇಳುತ್ತದೆ. ನಮ್ಮಲ್ಲಿ ಅದು ಮೊಣಕೈಗೋ ಕನ್ನಡಿಗೋ ಜೋತುಬಿದ್ದಿರುತ್ತದೆ. ಪೋಲೀಸರು ಕಂಡಾಗ ಮಾತ್ರ ತಲೆಗೇರುತ್ತದೆ. ಶಿಕ್ಷಕರಾದ ನಾವೂ ಇದಕ್ಕೆ ಹೊರತಲ್ಲ. ಮಕ್ಕಳು ನಮ್ಮ ಪಾಠಕ್ಕಿಂತ ನಾವು ಗೇಟಿನೊಳಗೆ ಬರುವ ರೀತಿಯನ್ನೇ ಹೆಚ್ಚು ಗಮನವಿಟ್ಟು ನೋಡುತ್ತಾರೆ.

ಮುಂದೆ ಕಾಲೇಜಿಗೆಂದು ಕೊಲ್ಹಾಪುರಕ್ಕೆ ಹೋಗುವವರಿಗೆ ಒಂದು ಮಾತು. ಹೆದ್ದಾರಿ ಬಿಟ್ಟು ತಾವಡೆ ಹೋಟೆಲಿನ ಬಳಿ ಊರೊಳಗೆ ಹೊಕ್ಕು, ತಾರಾರಾಣಿ ಚೌಕ, ದಾಭೋಳಕರ ಕಾರ್ನರ್ ದಾಟಿ ಬಸ್ ನಿಲ್ದಾಣ ಮುಟ್ಟುವವರೆಗೆ ಸಿಗ್ನಲ್ಲುಗಳು, ಬಸ್ಸುಗಳು, ರಿಕ್ಷಾಗಳು. ಹೆದ್ದಾರಿಯ ವೇಗ ಕೈಗೆ ಅಂಟಿಕೊಂಡೇ ಇರುತ್ತದೆ. ಅದನ್ನು ಅಲ್ಲಿಯೇ ಬಿಟ್ಟು ಬರಬೇಕು. ‘ವಾಹನೇ ಸಾವಕಾಶ ಚಾಲವಾ’ ಎಂಬ ಮರಾಠಿ ಫಲಕ ಓದಲು ನಮ್ಮ ಮಕ್ಕಳಿಗೇನೂ ತೊಡಕಿಲ್ಲ. ಎರಡೂ ಭಾಷೆಯಲ್ಲಿ ಕಲಿತ ನಮಗೆ ಆ ‘ಸಾವಕಾಶ’ ಎಂಬ ಪದದ ಮೇಲೆ ವಿಶೇಷ ಪ್ರೀತಿ. ನಮ್ಮ ಅಜ್ಜಿಯರು ಕನ್ನಡದಲ್ಲೂ “ಸಾವಕಾಶ ಹೋಗ್ರಿ” ಎಂದೇ ಕಳಿಸುತ್ತಿದ್ದರು. ದೀಪಾವಳಿಯ ರಜೆಗೆ ಗಡಹಿಂಗ್ಲಜದ ಬೀಗರ ಮನೆಗೆ ಹೋಗುವವರು ಕಬ್ಬಿನ ಟ್ರ್ಯಾಕ್ಟರುಗಳನ್ನು ನೆನಪಿಡಲಿ: ಹಿಂದೆ ಎರಡು ಟ್ರೇಲರು, ಎಷ್ಟೋ ಸಲ ಕೆಂಪು ದೀಪವೂ ಇರುವುದಿಲ್ಲ. ಕತ್ತಲೆಯಲ್ಲಿ ತೀರ ಹತ್ತಿರ ಹೋಗುವವರೆಗೆ ಕಬ್ಬಿನ ರಾಶಿ ಕಾಣುವುದಿಲ್ಲ.

ಗಡಿಯವರಾದ ನಮಗೆ ಇನ್ನೊಂದು ವಿಚಾರ. ಚಿಕ್ಕೋಡಿ, ನಿಪ್ಪಾಣಿ ಕಡೆಯ ನೆಂಟರಿಂದ ಕೆಎ-23 ಸಂಖ್ಯೆಯ ಗಾಡಿ ಕೊಂಡು ಹೆಸರು ಬದಲಿಸದೆ ವರ್ಷಗಟ್ಟಲೆ ಇಲ್ಲಿ ಓಡಿಸುವವರಿದ್ದಾರೆ. ಲೈಸೆನ್ಸೇನೋ ಇಡೀ ದೇಶಕ್ಕೆ ಸಲ್ಲುತ್ತದೆ. ಆದರೆ ಗಾಡಿ ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳು ಮೀರಿ ಉಳಿದರೆ ಅಲ್ಲಿಯ ಹೊಸ ಸಂಖ್ಯೆ ಪಡೆಯಬೇಕು. ಹೆಸರು ಬದಲಾಗದಿದ್ದರೆ ನಾಳಿನ ಅಪಘಾತಕ್ಕೆ ಉತ್ತರ ಹೇಳಬೇಕಾದವನು ಎಂದೋ ಗಾಡಿ ಮಾರಿ ಮರೆತ ಸೋದರಮಾವ.

ನಮ್ಮ ಹುಡುಗ ಬಿದ್ದಾಗ ಅವನನ್ನು ಎತ್ತಿ ಆಸ್ಪತ್ರೆಗೆ ಮುಟ್ಟಿಸಿದವರು ಇಬ್ಬರು ಹಮಾಲರು. ಹೆಸರು ಹೇಳದೆ ಹೋದರು; ಕೇಸಿನ ಭಯವಿದ್ದಿರಬೇಕು. ಗಾಯಾಳುವಿಗೆ ನೆರವಾದವರನ್ನು ಹೆಸರು ವಿಳಾಸ ಹೇಳೆಂದು ಬಲವಂತ ಮಾಡುವಂತಿಲ್ಲವೆಂದು ಈಗ ಕಾಯಿದೆಯೇ ಹೇಳುತ್ತದೆ. ಅವರನ್ನು ಕಂಡು ನಾವು ಕೈ ಮುಗಿಯಬೇಕಾಗಿತ್ತು, ಇಂದಿಗೂ ಸಿಕ್ಕಿಲ್ಲ.

ಹುಡುಗ ಮರುವರ್ಷ ಪರೀಕ್ಷೆಗೆ ಕೂತು ಪಾಸಾದ. ಎಡಗಿವಿ ಸ್ವಲ್ಪ ಮಂದ. ಈ ವರ್ಷದ ಸ್ನೇಹಸಮ್ಮೇಳನದ ಢಾಲುಗಳನ್ನು ನಾವೇ ಹೋಗಿ ರಿಕ್ಷಾದಲ್ಲಿ ತಂದೆವು. ಬಾಡಿಗೆ 120 ರೂಪಾಯಿ ಆಯಿತು. ಖರ್ಚಿನ ಪುಸ್ತಕದಲ್ಲಿ ಬರೆದಿದ್ದೇವೆ.