ಗೇಟಿನ ಬೋರ್ಡು

ಮಕ್ಕಳೇ, ನಾನು ಮೂವತ್ತೊಂದು ವರ್ಷ ಸಮಾಜ ಪಾಠ ಹೇಳಿದವಳು ಅಂತ ನಿಮಗೆ ಗೊತ್ತೇ ಇದೆ. ಗೊತ್ತಿಲ್ಲದವರು ನಿಮ್ಮ ಅಜ್ಜಿಯನ್ನು ಕೇಳಿ. ಈ ಪುಟವನ್ನು ನಿಮಗಿಂತ ಮೊದಲು ಓದುವವರು ಅವರೇ. ಗೋಡೆಗೆ ಭೂಪಟ ತೂಗುಹಾಕಿ, ಕೋಲಿನ ತುದಿಯಿಂದ ಆಫ್ರಿಕಾ ತೋರಿಸಿ, "ಇದಕ್ಕೆ ಕಗ್ಗತ್ತಲೆಯ ಖಂಡ ಅಂತಲೂ ಹೆಸರು, ಬರೆದುಕೊಳ್ಳಿ" ಅಂತ ಎಷ್ಟು ಮಕ್ಕಳಿಗೆ ಬರೆಸಿದ್ದೇನೋ ಲೆಕ್ಕವಿಲ್ಲ. ಸಮಭಾಜಕ ವೃತ್ತ ಅದರ ನಟ್ಟನಡುವೆ ಹಾದುಹೋಗುತ್ತದೆ, ಅಲ್ಲಿ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ ಅಂತಲೂ ಅದೇ ಪಾಠದಲ್ಲಿ ಹೇಳುತ್ತಿದ್ದೆ. ಹಾಗಾದರೆ ಕತ್ತಲೆ ಎಲ್ಲಿಂದ ಬಂತು ಮಿಸ್, ಅಂತ ಒಂದು ಮಗುವೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ. ಯೂರೋಪಿನವರಿಗೆ ಆ ಖಂಡದ ಒಳನಾಡು ಗೊತ್ತಿರಲಿಲ್ಲ, ಅವರಿಟ್ಟ ಹೆಸರದು. ಗೊತ್ತಿಲ್ಲದವರು ಅವರು, ಕತ್ತಲೆ ಮಾತ್ರ ಆಫ್ರಿಕಾದವರ ತಲೆಗೆ!

ಈ ವಾರ ನಾನು ಹೇಳಿದ ಒಂದು ಸುಳ್ಳಿನ ಕಥೆ ಹೇಳುತ್ತೇನೆ.

2015ನೇ ಇಸವಿ. ನಮ್ಮ ಯಜಮಾನರು ತೀರಿಕೊಂಡು ವರ್ಷವಾಗಿತ್ತು. ಮಹಡಿಯ ಮನೆ ಖಾಲಿ ಬಿದ್ದಿತ್ತು. ಬೆಂಗಳೂರಿನ ನಮ್ಮ ಬಡಾವಣೆಯ ಸುತ್ತ ಕಾಲೇಜುಗಳು ಬಹಳ. 'ಮನೆ ಬಾಡಿಗೆಗಿದೆ' ಅಂತ ರಟ್ಟಿನ ಮೇಲೆ ನಾನೇ ದುಂಡಗೆ ಬರೆದು ಗೇಟಿಗೆ ಕಟ್ಟಿದ್ದೆ. ಒಂದು ಸಂಜೆ ಇಬ್ಬರು ಹುಡುಗಿಯರು ಬಂದರು. ಆಫ್ರಿಕಾದವರು. ಕೈಯಲ್ಲಿ ಕಾಲೇಜಿನ ಬ್ಯಾಗು, ಹಣೆಯ ಮೇಲೆ ಬೆವರು. ಎಷ್ಟು ಬೀದಿ ಸುತ್ತಿ ಬಂದಿದ್ದರೋ! ಅವರು ಬಾಯಿ ಬಿಡುವ ಮೊದಲೇ ನಾನು ಅಂದೆ: "ಮನೆ ಆಗಿಹೋಯ್ತಮ್ಮ."

ಬೋರ್ಡು ಅಲ್ಲೇ ತೂಗುತ್ತಿತ್ತು. ದೊಡ್ಡವಳು ಬೋರ್ಡನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. "ಥ್ಯಾಂಕ್ಯೂ ಆಂಟಿ" ಅಂದಳು. ಹೋಗುವಾಗ ಗೇಟು ಮುಂದೆ ಮಾಡಿ, ಚಿಲಕ ಹಾಕಿ ಹೋದರು. ನಮ್ಮ ಮನೆಗೆ ಬರುವ ನೆಂಟರೇ ಆ ಚಿಲಕ ಹಾಕುವುದಿಲ್ಲ. ಬೀದಿ ನಾಯಿ ಒಳಗೆ ನುಗ್ಗುತ್ತದೆ ಅಂತ ನಾನು ಗೊಣಗುವುದು ಇದ್ದದ್ದೇ.

ಯಾಕೆ ಸುಳ್ಳು ಹೇಳಿದೆ? ಅವರ ಅಡುಗೆ ವಾಸನೆ, ರಾತ್ರಿ ಗಲಾಟೆ ಅಂತ ಅಕ್ಕಪಕ್ಕದವರು ಆಡಿಕೊಳ್ಳುತ್ತಿದ್ದರು. ನಾನಂತೂ ಕಣ್ಣಾರೆ ಕಂಡದ್ದೇನೂ ಇರಲಿಲ್ಲ.

ಅದಕ್ಕೆ ಆರು ವರ್ಷ ಮೊದಲಿನ ಒಂದು ಮಾತು. 2009ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್ ಊರಿನಲ್ಲಿ ಭಾರತದ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಹುಡುಗರು ಬೀದಿಗಿಳಿದು ಪ್ರತಿಭಟಿಸಿದರು. ನನ್ನ ತಂಗಿಯ ಮಗ ಅಲ್ಲೇ ಓದುತ್ತಿದ್ದ. ತಂಗಿ ಅನ್ನ ನೀರು ಬಿಟ್ಟು ಫೋನಿನ ಪಕ್ಕ ಕೂತಿದ್ದಳು. "ರಾತ್ರಿ ರೈಲಿಗೆ ಹೋಗಬೇಡ, ಜೋರಾಗಿ ಕನ್ನಡ ಮಾತಾಡಬೇಡ" ಅಂತ ಅವನಿಗೆ ದಿನಾ ಬುದ್ಧಿ ಹೇಳಿದವಳು ನಾನು. ಎಂಥಾ ಜನವೋ ಅದು, ಓದಲು ಬಂದ ಮಕ್ಕಳನ್ನು ಬಣ್ಣ ನೋಡಿ ಹೊಡೆಯುತ್ತಾರಲ್ಲ ಅಂತ ಶಾಪ ಹಾಕಿದವಳೂ ನಾನೇ.

2016ರ ಜನವರಿ 31ರ ರಾತ್ರಿ ನಮ್ಮ ಬೆಂಗಳೂರಿನ ಹೆಸರಘಟ್ಟದ ಕಡೆ ಏನಾಯಿತು ಅಂತ ದೊಡ್ಡವರಿಗೆ ನೆನಪಿದ್ದೀತು. ಸುಡಾನ್ ದೇಶದವನೊಬ್ಬನ ಕಾರು ಬಡಿದು ಒಬ್ಬ ಹೆಂಗಸು ತೀರಿಕೊಂಡರು. ಪಾಪ, ಆ ಮನೆಯವರ ದುಃಖ ಸಣ್ಣದಲ್ಲ. ಆದರೆ ಸ್ವಲ್ಪ ಹೊತ್ತಿನ ಮೇಲೆ ಅದೇ ದಾರಿಯಲ್ಲಿ ಟಾಂಜಾನಿಯಾದ ಒಬ್ಬ ವಿದ್ಯಾರ್ಥಿನಿ ಗೆಳೆಯರ ಜೊತೆ ಬಂದಳು. ಗುಂಪು ಅವಳನ್ನು ಕಾರಿನಿಂದ ಎಳೆದು ಹೊಡೆಯಿತು, ಕಾರಿಗೆ ಬೆಂಕಿ ಹಚ್ಚಿತು. ಅಪಘಾತಕ್ಕೂ ಅವಳಿಗೂ ಏನು ಸಂಬಂಧ? ಏನೂ ಇಲ್ಲ. ಭೂಪಟ ತೆಗೆದು ನೋಡಿ ಮಕ್ಕಳೇ, ಸುಡಾನ್‌ಗೂ ಟಾಂಜಾನಿಯಾಕ್ಕೂ ನಡುವೆ ದಕ್ಷಿಣ ಸುಡಾನ್, ಉಗಾಂಡ ಅಂತ ಬೇರೆ ದೇಶಗಳೇ ಇವೆ. ಆಫ್ರಿಕಾದಲ್ಲಿ ಇರುವುದು 54 ದೇಶ. ಆ ಗುಂಪಿಗೆ ಕಂಡದ್ದು ಬಣ್ಣ ಒಂದೇ.

ಪೇಪರು ಓದಿದ ದಿನ ನನಗೆ ಊಟ ಸೇರಲಿಲ್ಲ. ನಮ್ಮ ಗೇಟಿಗೆ ಬಂದ ಹುಡುಗಿಯರಲ್ಲಿ ಒಬ್ಬಳೇ ಇವಳು ಅಂತ ಎದೆ ಹೊಡೆದುಕೊಂಡಿತು. ಅಲ್ಲ ಅಂತ ಹೇಳಲು ನನ್ನ ಹತ್ತಿರ ಏನಿತ್ತು? ನಾನು ಅವರ ಊರು, ಹೆಸರು ಯಾವುದನ್ನೂ ಕೇಳಿರಲಿಲ್ಲ.

ಆ ವರ್ಷ ಜೂನ್‌ನಲ್ಲಿ ಮಹಡಿ ಮನೆ ಮತ್ತೆ ಖಾಲಿಯಾಯಿತು. ಮಗನ ಸ್ನೇಹಿತರೊಬ್ಬರು ಕಾಲೇಜಿನಲ್ಲಿ ಮೇಷ್ಟ್ರು. ಟಾಂಜಾನಿಯಾದ ಒಬ್ಬ ಹುಡುಗಿಗೆ ಮನೆ ಸಿಗುತ್ತಿಲ್ಲ ಅಂದರು. ಭಾರತ ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಬಂದವಳು. ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಮಂಡಳಿ ಅಂತ 1950ರಿಂದ ಇದೆಯಲ್ಲ, ಅದರದ್ದು. ಅಂದರೆ ನಾವೇ ಕರೆಸಿಕೊಂಡ ಹುಡುಗಿ. ನೋಡಿದ ಮನೆಗಳಲ್ಲಿ ಕೆಲವರು ಆಗಿಹೋಯ್ತು ಅಂದರಂತೆ, ಕೆಲವರು ಬೇರೆಯವರಿಗೆ ಹೇಳಿದ್ದರ ಒಂದೂವರೆಪಟ್ಟು ಬಾಡಿಗೆ ಹೇಳಿದರಂತೆ. ನಾನು ಬರಹೇಳಿದೆ. ಆಗ ವಿದೇಶದವರು ಮನೆಗೆ ಬಂದರೆ 24 ಗಂಟೆಯೊಳಗೆ ಸಿ ಫಾರಂ ಅಂತ ತುಂಬಿ ಸರ್ಕಾರಕ್ಕೆ ತಿಳಿಸಬೇಕಿತ್ತು. ಅದನ್ನು ಸೊಸೆ ಕಂಪ್ಯೂಟರಿನಲ್ಲಿ ತುಂಬಿದಳು.

ಕಿಲಿಮಂಜಾರೋ ಬೆಟ್ಟದ ಬುಡದ ಊರಿನವಳು ಆ ಹುಡುಗಿ. 5,895 ಮೀಟರ್, ಆಫ್ರಿಕಾದ ಅತಿ ಎತ್ತರದ ಶಿಖರ ಅಂತ ನಾನು ಬಾಯಿಪಾಠ ಮಾಡಿಸಿದ್ದ ಬೆಟ್ಟ ಅವಳ ಮನೆಯ ಅಂಗಳದಿಂದ ಕಾಣುತ್ತದಂತೆ! ಹೆಸರು ಬರೆಯಬೇಡಿ ಅಂದಿದ್ದಾಳೆ, ಬರೆಯುವುದಿಲ್ಲ.

ಅವಳು ಬಂದ ಎರಡನೇ ವಾರ ನನ್ನ ಮಾನ ಹೋಯಿತು. ಮೊಮ್ಮಗ ಆಗ ಎರಡನೇ ಕ್ಲಾಸು. ಬಿಸಿಲಲ್ಲಿ ಕ್ರಿಕೆಟ್ ಆಡುತ್ತಿದ್ದವನನ್ನು ಅವಳು ಏನೋ ಮಾತಾಡಿಸಿದಳು. ಇವನು ನಿಷ್ಕಪಟವಾಗಿ ಅಂದ: "ಬಿಸಿಲಲ್ಲಿ ಜಾಸ್ತಿ ಆಡಿದ್ರೆ ನಿಮ್ಮ ಥರ ಆಗೋಗ್ತೀನಂತೆ, ಅಜ್ಜಿ ಹೇಳಿದಾರೆ." ಹೇಳಿದ್ದೆ ಕಣ್ರೋ, ನೂರು ಸಲ ಹೇಳಿದ್ದೆ. ನನ್ನ ಅಜ್ಜಿ ನನಗೆ ಹೇಳಿದ್ದನ್ನೇ ಹೇಳಿದ್ದೆ. ನಾನು ಅಡುಗೆಮನೆಯ ಕಿಟಕಿಯ ಹಿಂದೆ ನಿಂತಲ್ಲೇ ನಿಂತೆ.

ಅವಳು ಕೈ ಚಾಚಿ, ಉಜ್ಜಿ ನೋಡು ಹೋಗುತ್ತೋ ಅಂದಳು. ಇವನು ಒಳಗೆ ಓಡಿಬಂದು ಕಂಪಾಸ್ ಬಾಕ್ಸಿನಿಂದ ರಬ್ಬರ್ ತಂದ! ಸರಿಯಾಗಿ ಉಜ್ಜಿದ. ಆಮೇಲೆ ಅವಳು ಅವನ ಕೈ ಹಿಡಿದು, ಈಗ ನಿನ್ನದು ಅಂತ ಉಜ್ಜಿದಳು. ಇಬ್ಬರೂ ನಕ್ಕರು. ಸಂಜೆ ನಾನು ಕ್ಷಮೆ ಕೇಳಲು ಹೋದೆ. "ಮಕ್ಕಳು ಕೇಳ್ತಾರೆ ಅಜ್ಜಿ, ಅವರಿಗೆ ಉತ್ತರ ಹೇಳಬಹುದು. ಬಸ್ಸಲ್ಲಿ ಜನ ನಿಂತೇ ಇರ್ತಾರೆ, ನನ್ನ ಪಕ್ಕದ ಸೀಟು ಖಾಲಿ ಇರುತ್ತೆ. ಅದಕ್ಕೆ ಯಾರಿಗೆ ಉತ್ತರ ಹೇಳಲಿ?" ಅಂದಳು.

ಕೇಳದೆ ಫೋಟೋ ತೆಗೆಯುವವರು, ಹಿಂದಿನಿಂದ ಬಂದು ಕೂದಲು ಮುಟ್ಟಿ ನೋಡುವವರು, ಅವಳು ಬಾಯಿ ತೆಗೆಯುವ ಮೊದಲೇ "ನೈಜೀರಿಯಾ?" ಅನ್ನುವವರು. ಒಂದೊಂದೂ ಸಣ್ಣದೇ. ಆದರೆ ದಿನಾ. ಬೆಳಿಗ್ಗೆ ಹಾಲು ತರಲು ಹೋಗಿ ಬರುವಷ್ಟರಲ್ಲಿ ಎರಡು ಸಲ. ಕತ್ತಲಾಗುವ ಮೊದಲು ಮನೆ ಸೇರುತ್ತಿದ್ದಳು. ಏಳು ಗಂಟೆಗೆ ಅವಳ ತಾಯಿಯ ಫೋನು ಬರುತ್ತಿತ್ತು. ಭಾಷೆ ಅರ್ಥವಾಗದಿದ್ದರೂ ಆ ತಾಯಿ ಏನು ಕೇಳುತ್ತಿದ್ದಾರೆ ಅಂತ ನನಗೆ ತಿಳಿಯುತ್ತಿತ್ತು. ನನ್ನ ತಂಗಿಯದೂ ಅದೇ ದನಿ.

ಬಣ್ಣದ ಮಾತು ಬಂದಾಗ ನಮ್ಮವರದೇ ಒಂದು ಸಂಗತಿ ಇದೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡುಗಳಲ್ಲಿ ಸಿದ್ದಿ ಜನರಿದ್ದಾರೆ. ಅವರ ಪೂರ್ವಿಕರನ್ನು ಆಫ್ರಿಕಾದಿಂದ ಗುಲಾಮರಾಗಿ ಗೋವೆಗೆ ತಂದಿದ್ದರು. ತಪ್ಪಿಸಿಕೊಂಡವರು ನಮ್ಮ ಕಾಡು ಸೇರಿದರು. ಅವರು ನಿಮ್ಮ ಹಾಗೇ ಕನ್ನಡ ಮಾತಾಡುತ್ತಾರೆ. ಅವರಲ್ಲಿ ಶಾಂತಾರಾಮ ಸಿದ್ದಿಯವರು 2020ರಲ್ಲಿ ನಮ್ಮ ವಿಧಾನ ಪರಿಷತ್ತಿನ ಸದಸ್ಯರೂ ಆದರು. ಆದರೂ ಸಿದ್ದಿ ಹುಡುಗರು ಬೆಂಗಳೂರಿಗೆ ಬಂದರೆ ಯಾವ ದೇಶ ನಿಮ್ಮದು ಅಂತ ಕೇಳುವವರಿದ್ದಾರೆ.

ಒಂದು ಭಾನುವಾರ ಮುದ್ದೆ, ಸೊಪ್ಪಿನ ಸಾರು ಮಾಡಿ ಅವಳನ್ನು ಕರೆದೆ. ಪಾಪ, ತಿನ್ನಲು ಬರುತ್ತದೋ ಇಲ್ಲವೋ ಅಂತ ಚಮಚ ಇಟ್ಟಿದ್ದೆ. ಅವಳು ಮುದ್ದೆ ಮುರಿದು, ಬೆರಳಲ್ಲಿ ಉಂಡೆ ಮಾಡಿ, ಹೆಬ್ಬೆರಳಿಂದ ಗುಳಿ ಒತ್ತಿ, ಸಾರು ತುಂಬಿಕೊಂಡು ನುಂಗಿದಳು. ಅವರಲ್ಲಿ ಉಗಾಲಿ ಅಂತ ಮಾಡುತ್ತಾರಂತೆ, ಹೆಚ್ಚಾಗಿ ಮೆಕ್ಕೆಜೋಳದ ಹಿಟ್ಟಿಂದು. ರಾಗಿಗೆ ಅವರು ಅನ್ನುವುದು ಉಲೇಜಿ. ರಾಗಿಗಂಜಿ ಕುಡಿದೇ ಬೆಳೆದವಳು ಅವಳು. ಆಗ ನನಗೆ ನೆನಪಾಯಿತು, ರಾಗಿ ಹುಟ್ಟಿದ್ದೇ ಪೂರ್ವ ಆಫ್ರಿಕಾದ ಎತ್ತರದ ನಾಡಿನಲ್ಲಿ. ಸಾವಿರಾರು ವರ್ಷದ ಹಿಂದೆ ಇಲ್ಲಿಗೆ ಬಂದದ್ದು. "ಹಾಗಾದ್ರೆ ರಾಗಿಗೂ ಸಿ ಫಾರಂ ತುಂಬಬೇಕಿತ್ತಾ ಅಜ್ಜಿ?" ಅಂದ ಮೊಮ್ಮಗ.

ಅವಳ ಸ್ವಾಹಿಲಿ ಭಾಷೆಯಲ್ಲಿ ಹಣಕ್ಕೆ ಪೆಸ, ಗಾಡಿಗೆ ಗಾರಿ, ಅಂಗಡಿಗೆ ದುಕ. ಉತ್ತರ ಕರ್ನಾಟಕದ ಮಕ್ಕಳು ದುಕಾನ ಅನ್ನುವುದಿಲ್ಲವೇ, ಹಾಗೆ. ಚಪಾತಿಗೆ ಚಪಾತಿಯೇ. ಅಜ್ಜನಿಗೆ ಬಾಬು, ಅಜ್ಜಿಗೆ ಬೀಬಿ. ಟೀಚರಿಗೆ ಮ್ವಾಲಿಮು. ಅವರ ದೇಶದ ಮೊದಲ ಅಧ್ಯಕ್ಷ ಜೂಲಿಯಸ್ ನೈರೇರೆಯವರನ್ನು ಜನ ಹಾಗೇ ಕರೆಯುತ್ತಿದ್ದರು, ಅವರು ಮೊದಲು ಮೇಷ್ಟ್ರಾಗಿದ್ದವರು. 1995ರಲ್ಲಿ ಶುರುವಾದ ಗಾಂಧಿ ಶಾಂತಿ ಪ್ರಶಸ್ತಿಯನ್ನು ನಮ್ಮ ದೇಶ ಮೊದಲು ಕೊಟ್ಟದ್ದು ಅವರಿಗೇ. ಇನ್ನೊಂದು, ಚಿಕ್ಕವರು ದೊಡ್ಡವರನ್ನು ಕಂಡಾಗ "ಶಿಕಾಮೋ" ಅನ್ನಬೇಕು. ನಿಮ್ಮ ಕಾಲು ಹಿಡಿಯುತ್ತೇನೆ ಅಂತ ಅದರ ಮೂಲ ಅರ್ಥ! ದೊಡ್ಡವರು "ಮರಹಬಾ" ಅನ್ನಬೇಕು. ದಿನಾ ಬೆಳಿಗ್ಗೆ ಮೆಟ್ಟಿಲು ಇಳಿಯುವಾಗ ಅವಳು "ಶಿಕಾಮೋ ಬೀಬಿ" ಅನ್ನುತ್ತಿದ್ದಳು. ನಾನು ರಂಗೋಲಿ ಹಾಕುತ್ತಲೇ "ಮರಹಬಾ" ಅನ್ನುತ್ತಿದ್ದೆ. ಎದುರು ಮನೆಯವರು ಬೆರಗಾಗಿ ನೋಡುತ್ತಿದ್ದರು.

2019ರಲ್ಲಿ ಡಿಗ್ರಿ ಮುಗಿಸಿ ಹೊರಡುವ ಹಿಂದಿನ ರಾತ್ರಿ ಅವಳಿಗೆ ಆ ಸುಳ್ಳಿನ ವಿಷಯ ಹೇಳಿದೆ. ತುಂಬ ಹೊತ್ತು ಸುಮ್ಮನಿದ್ದಳು. ಪರವಾಗಿಲ್ಲ ಅಜ್ಜಿ ಅನ್ನುತ್ತಾಳೆ ಅಂತ ಕಾದೆ. ಅನ್ನಲಿಲ್ಲ. "ಆಮೇಲೆ ಅವರಿಗೆ ಮನೆ ಸಿಕ್ಕಿತಾ?" ಅಂತ ಕೇಳಿದಳು. ನನಗೆ ಗೊತ್ತಿರಲಿಲ್ಲ.

ಈ ತಿಂಗಳು ಮಹಡಿ ಮನೆ ಮತ್ತೆ ಖಾಲಿ. ಬೋರ್ಡನ್ನು ಈ ಸಲ ಮೊಮ್ಮಗ ಬರೆದಿದ್ದಾನೆ, ಅಕ್ಷರ ಸೊಟ್ಟ. ಮೊನ್ನೆ ಒಂದು ಫೋನು ಬಂತು. ಹುಡುಗನ ದನಿ. ಮನೆ ಎಷ್ಟು ದೊಡ್ಡದು, ಬಾಡಿಗೆ ಎಷ್ಟು ಅಂತ ಏನೂ ಕೇಳಲಿಲ್ಲ. "ಮೇಡಂ, ನಾವು ಸುಡಾನ್‌ನವರು, ಬಂದು ನೋಡಬಹುದಾ?" ಅಂದ. ಬನ್ನಿ ಅಂದೆ. ಕಾರ್ಪೊರೇಷನ್ ನೀರು ಎರಡು ದಿನಕ್ಕೊಮ್ಮೆ, ಅದೊಂದು ಕಷ್ಟ ಅಂತ ಮೊದಲೇ ತಿಳಿಸಿದೆ. ಒಳಗೆ ಬಂದ ಮೇಲೆ ಗೇಟಿನ ಚಿಲಕ ಹಾಕಿ, ನಾಯಿ ನುಗ್ಗುತ್ತೆ ಅಂತಲೂ ಹೇಳಿದೆ.