ಹತ್ತರಲ್ಲೊಂದು ಪಾಲು

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ನಂದಿಬೆಟ್ಟದ ಆಸುಪಾಸಿನಲ್ಲಿ ಒಂದು ಎಕರೆ ಜಮೀನು ಕೊಂಡ ಸಂತಸ ಅವನದು. ಮೇಜಿನ ಮೇಲೆ ನಕ್ಷೆ ಹರಡಿದ. ಮನೆ, ಅತಿಥಿಗೃಹ, ಈಜುಕೊಳ, ಕಾರುಗಳಿಗೆಂದು ವಿಶಾಲವಾದ ಕಲ್ಲುಹಾಸು. ಅರ್ಧ ಎಕರೆ ಮುಚ್ಚಿಹೋಗಿತ್ತು. "ತೋಟದಲ್ಲಿ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ಮನೆ ಕಟ್ಟಬಾರದಂತೆ ಮೇಷ್ಟ್ರೇ! ನನ್ನ ದುಡ್ಡು, ನನ್ನ ಜಮೀನು. ಸರ್ಕಾರಕ್ಕೇನು ನಷ್ಟ?" ಎಂದ. ಅಂದು ನಾನು ಕೊಟ್ಟ ಉತ್ತರ ಅರೆಬರೆಯಾಗಿತ್ತು. ಪೂರ್ತಿ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವನು ಹೇಳಿದ ಮಿತಿ ಇರುವುದು 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 95ನೇ ಪ್ರಕರಣದಲ್ಲಿ. ಕೃಷಿಕನು ತನ್ನ ಹಿಡುವಳಿಯ ಶೇಕಡಾ 10ನ್ನು ಮೀರದಂತೆ ತೋಟದ ಮನೆ ಕಟ್ಟಿಕೊಳ್ಳಬಹುದು. ಎಕರೆಗೆ 40 ಗುಂಟೆಯಾದರೆ ಮನೆಗೆ 4 ಗುಂಟೆ, ಅಂದರೆ 4,356 ಚದರಡಿ. ಒಂದು ಸಂಸಾರಕ್ಕೆ ಇದು ಸಾಲದೆ?

ಇನ್ನು ನಷ್ಟದ ಲೆಕ್ಕ. ಒಂದು ಎಕರೆಯ ಮೇಲೆ 50 ಮಿಲಿಮೀಟರ್ ಮಳೆ ಸುರಿದರೆ ಬೀಳುವ ನೀರು ಸುಮಾರು 2 ಲಕ್ಷ ಲೀಟರ್. ಅರ್ಧ ಭೂಮಿಗೆ ಕಾಂಕ್ರೀಟು ಹೊದಿಸಿದರೆ, ಅದನ್ನು ಹಿಡಿದಿಡುವ ಏರ್ಪಾಡಿಲ್ಲದಿದ್ದಲ್ಲಿ, ಒಂದು ಲಕ್ಷ ಲೀಟರ್ ನೆಲಕ್ಕಿಳಿಯದೆ ಹರಿದುಹೋಗುತ್ತದೆ. ನೆಲದಡಿಯ ನೀರಿಗೆ ಬೇಲಿಯಿಲ್ಲ. ನನ್ನ ಶಿಷ್ಯ ಮುಚ್ಚಿದ ನೆಲದ ಫಲವನ್ನು ಪಕ್ಕದ ರೈತನ ಬಾವಿ ಉಣ್ಣಬೇಕಾಗುತ್ತದೆ.

ಅರ್ಕಾವತಿ ಹುಟ್ಟುವುದು ಆ ನಂದಿಬೆಟ್ಟದಲ್ಲೇ. ಹೆಸರಘಟ್ಟ, ತಿಪ್ಪಗೊಂಡನಹಳ್ಳಿ ಜಲಾಶಯಗಳನ್ನು ತುಂಬಿ ಬೆಂಗಳೂರಿಗೆ ನೀರುಣಿಸಿದ ನದಿಯದು. ಅದು ಸೊರಗಿದ್ದಕ್ಕೆ ಕೊಳವೆಬಾವಿಗಳೂ ನೀಲಗಿರಿ ತೋಪುಗಳೂ ಕಾರಣವೆಂಬುದು ನಿಜ. ಹಾಗೆಂದು ಕಟ್ಟಡಗಳು ನಿರಪರಾಧಿಗಳಲ್ಲ. 2003ರಲ್ಲಿ ಸರ್ಕಾರವೇ ತಿಪ್ಪಗೊಂಡನಹಳ್ಳಿಯ ಜಲಾನಯನ ಪ್ರದೇಶದಲ್ಲಿ ಕಟ್ಟಡಗಳಿಗೆ ಕಡಿವಾಣ ಹಾಕಿತು. 2019ರಲ್ಲಿ ತಾನೇ ಅದನ್ನು ಸಡಿಲಿಸಿತು. ಜಲಾಶಯ ಬತ್ತಿತೆಂದು ಕಾವಲು ತೆಗೆಯುವುದು, ರೋಗಿ ಸೊರಗಿದನೆಂದು ಪಥ್ಯ ಬಿಡಿಸಿದಂತೆ.

ಈ ಮಿತಿಯಲ್ಲಿ ದೋಷವಿಲ್ಲವೆಂದು ನಾನು ವಾದಿಸಲಾರೆ. ಐದು ಗುಂಟೆಯ ಒಡೆಯನಿಗೆ ಹತ್ತರಲ್ಲೊಂದೆಂದರೆ ಅರ್ಧ ಗುಂಟೆ, ಸುಮಾರು 544 ಚದರಡಿ. ಅಷ್ಟರಲ್ಲಿ ಮನೆ ಕಟ್ಟುವುದೇ ಕಷ್ಟ. ಇತ್ತ ಹಣವುಳ್ಳವನು ಭೂಪರಿವರ್ತನೆ ಮಾಡಿಸಿಕೊಂಡು ಈ ಗೆರೆಯನ್ನೇ ದಾಟಿಬಿಡುತ್ತಾನೆ. ಬಡವನಿಗೆ ಗೋಡೆ, ಬಲ್ಲಿದನಿಗೆ ಬಾಗಿಲು!

ಆದ್ದರಿಂದ ಗೆರೆಯನ್ನು ಅಳಿಸಬಾರದು, ತಿದ್ದಬೇಕು. ಸಣ್ಣ ಹಿಡುವಳಿದಾರನಿಗೆ ವಾಸಯೋಗ್ಯ ಮನೆಯಷ್ಟು ಜಾಗವನ್ನು ಹಕ್ಕಾಗಿ ಕೊಡಲಿ. ಹಳ್ಳಿಗಾಡಿನ ಪರಿವರ್ತಿತ ಭೂಮಿಗೂ ಬಿಗಿಯಾದ ಮಿತಿಯಿರಲಿ. ಚಾವಣಿಯ ಜೊತೆಗೆ ಕಲ್ಲುಹಾಸು, ಈಜುಕೊಳಗಳೂ ಲೆಕ್ಕಕ್ಕೆ ಬರಲಿ. ಮಳೆಗೆ ಇವೆರಡೂ ಮುಚ್ಚಿದ ನೆಲವೇ.

ಮಗೂ, ಪತ್ರದಲ್ಲಿ ಜಮೀನು ನಿನ್ನದು. ಆದರೆ ಅದರ ಮೇಲೆ ಬೀಳುವ ಮಳೆ ಊರಿನದು.